ಹುಣಸೆಮರ ಕಾಣುವ ತನಕ

ಹುಲಿಗೆಮ್ಮ, ಆವತ್ತು ‘ಬಾ’ ಅಂದವಳು ನಾನು. ನೀನಾಗಿ ಓಡಲಿಲ್ಲ, ಪಾರುವನ್ನು ಎಳೆದುಕೊಂಡು ಹೋಗಲಿಲ್ಲ — ನಾನು ಕರೆದೆ, ನೀನು ನಂಬಿ ಬಂದೆ. ಇಷ್ಟು ಸಣ್ಣ ಮಾತನ್ನು ಹೇಳಲು ನನಗೆ ಇಷ್ಟು ವರ್ಷ ಹಿಡಿಯಿತು.

ನಾವಿಬ್ಬರೂ ಆಗ ಒಂಬತ್ತನೇ ತರಗತಿ, ನಿನ್ನ ತಂಗಿ ಪಾರು ಎರಡನೇ ತರಗತಿ. ಸಂಡೂರಿನ ಹೊರಗೆ, ನಮ್ಮ ಶಾಲೆಯ ಮುಂದಿನ ರಸ್ತೆಯಲ್ಲಿ, ಅದಿರಿನ ಲಾರಿಗಳು ಒಂದರ ಬಾಲ ಒಂದು ಹಿಡಿದು ಹೊಸಪೇಟೆ ಕಡೆ ಓಡುತ್ತಿದ್ದ ಕಾಲ. ಒಂದು ಲಾರಿ ಹೋದರೆ ಕೆಂಪು ಧೂಳೆದ್ದು ಆಚೆ ದಂಡೆಯೇ ಮಾಯ. ಹಿಂದಿನ ಲಾರಿ ಆ ಧೂಳಿನೊಳಗೇ ಇರುತ್ತಿತ್ತು. ಸದ್ದಂತೂ ನಿಲ್ಲುತ್ತಲೇ ಇರಲಿಲ್ಲ, ಕಿವಿಯನ್ನು ನಂಬುವ ಹಾಗಿರಲಿಲ್ಲ. ಅದಕ್ಕೇ ನಿಮ್ಮವ್ವ ದಿನಾ ಬಾಗಿಲಲ್ಲಿ ನಿಂತು ಹೇಳುತ್ತಿದ್ದಳು: “ಆಚಿಕಡಿ ಹುಣಸಿಗಿಡ ಕಾಣೋ ತನಕ ಕಾಲ ಎತ್ತಬ್ಯಾಡ್ರಿ.” ನಾವು ವೇಲ್ ಮುಖಕ್ಕೆ ಸುತ್ತಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದೆವು. ಒಬ್ಬಳು ಮಾತ್ರ ಕಣ್ಣು ಬಿಟ್ಟು ಮರ ಕಾಯಬೇಕು, ಕಂಡ ಕೂಡಲೇ ಹೇಳಬೇಕು. ಆ ದಿನ ಕಾಯುವ ಸರದಿ ನನ್ನದು.

ಶನಿವಾರ. ಬಿಳಿ ಸಮವಸ್ತ್ರದ ದಿನ, ಅದರ ಮೇಲೆ ತರಗತಿಯ ಗ್ರೂಪ್ ಫೋಟೋ ಬೇರೆ. ನಮ್ಮವ್ವ ನೀಲಿ ಹಾಕಿ ಒಗೆದು, ಇಸ್ತ್ರಿ ಮಾಡಿಸಿ ಕೊಟ್ಟಿದ್ದಳು. ಇನ್ನೊಂದು ಲಾರಿ ಬಂದರೆ ಮತ್ತೆ ಧೂಳು, ಫೋಟೋದಲ್ಲಿ ನಾನು ಕೆಂಪು ಗೊಂಬೆ — ಅದಷ್ಟೇ ನನ್ನ ತಲೆಯಲ್ಲಿದ್ದದ್ದು. ಮರ ಕಂಡಿರಲಿಲ್ಲ ಹುಲಿಗೆಮ್ಮ. ಧೂಳು ಬಿಟ್ಟು ಏನೂ ಕಂಡಿರಲಿಲ್ಲ. “ಕಾಣ್ತು, ಬಾ ಜಲ್ದಿ,” ಅಂದು ಓಡಿದೆ.

ನಾನು ದಾಟಿದೆ. ನನ್ನ ಹಿಂದೆ ನೀನೂ ದಾಟಿದೆ. ನಿನ್ನ ಬಲಗೈ ಹಿಡಿದಿದ್ದ ಪಾರು ದಾಟಲಿಲ್ಲ.

ಅದು ಮೊದಲ ತಪ್ಪು. ಹುಡುಗುಬುದ್ಧಿ ಅಂತ ಯಾರಾದರೂ ಅದನ್ನು ಕ್ಷಮಿಸಬಹುದೋ ಏನೋ — ನಾನು ಕೇಳುವುದಿಲ್ಲ. ಮುಂದಿನ ಎರಡಕ್ಕಂತೂ ಆ ಹೆಸರೂ ಸಲ್ಲದು.

ಹಿರಿಯರು ಸೇರಿದಾಗ ನಿಮ್ಮ ದೊಡ್ಡಪ್ಪ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು, “ಹೆಂಗ ಆತವ್ವ? ಹೆದರಬ್ಯಾಡ, ಹೇಳು.” ಗದರಿಸಿದ್ದರೆ ನಿಜ ಹೇಳುತ್ತಿದ್ದೆನೇನೋ. ಅಷ್ಟು ಮೆತ್ತಗೆ ಕೇಳಿದ್ದಕ್ಕೆ ಸುಳ್ಳು ಸಲೀಸಾಗಿ ಬಂತು. “ಹುಲಿಗೆಮ್ಮ ಪಾರೂನ ಎಳಕೊಂಡು ಓಡಿದಳ್ರಿ. ನಾ ಬ್ಯಾಡ ಅಂದೆ.” ಕರೆದದ್ದನ್ನು ಮುಚ್ಚಿಟ್ಟದ್ದಷ್ಟೇ ಅಲ್ಲ, ತಡೆದವಳು ಅನ್ನಿಸಿಕೊಂಡೆ. ನಮ್ಮವ್ವ ಆ ಲಾರಿ ಡ್ರೈವರನನ್ನು ಶಪಿಸುತ್ತಾ, “ಉಪ್ಪ ತಿಂದಾಂವ ನೀರ ಕುಡೀಲೇಬೇಕು,” ಅನ್ನುತ್ತಿದ್ದಳು. ನಾನು ಅವಳ ಪಕ್ಕದಲ್ಲೇ ಕೂತು ತಲೆಯಾಡಿಸುತ್ತಿದ್ದೆ.

ನೀನು ಶಾಲೆ ಬಿಟ್ಟೆ. ಮನೆಯ ಹೊಸ್ತಿಲು ದಾಟುವುದನ್ನೂ ಬಿಟ್ಟೆ. ಬಲಗೈ ಮುಷ್ಟಿ ಬಿಚ್ಚಲೇ ಇಲ್ಲ. ನಿಮ್ಮವ್ವ ಅನ್ನ ಕಲಸಿ ತುತ್ತಿಡಬೇಕಾಯಿತು, ಹದಿನಾಲ್ಕು ವರ್ಷದವಳಿಗೆ. ನಾನು ದಿನಾ ಸಂಜೆ ನೋಟ್ಸ್ ಹಿಡಿದು ಬರುತ್ತಿದ್ದೆ. ಪ್ರೀತಿಯಿಂದಲೇ ಬರುತ್ತಿದ್ದೆ, ಅದು ಸುಳ್ಳಲ್ಲ — ಆದರೆ ನಿನಗೆ ಏನಾದರೂ ನೆನಪಾಯಿತೇ ಎಂದು ನೋಡಲೂ ಬರುತ್ತಿದ್ದೆ.

ಒಂದು ಸಂಜೆ ಕೇಳಿದೆಯಲ್ಲ. ತಿಂಗಳುಗಟ್ಟಲೆ ಆದ ಮೇಲೆ ನೀನು ಆಡಿದ ಮೊದಲ ಮಾತೇ ಅದು: “ಯಾರೋ ಬಾ ಅಂದಂಗ ಆಗಿತ್ತಲ್ಲೇ ಮಂಜಿ.”

“ಇಲ್ಲಲೇ,” ಅಂದೆ. “ಯಾರೂ ಅನ್ನಲಿಲ್ಲ. ನಿನಗ ಹಂಗ ಅನಸೇತಿ.”

ನಿನ್ನ ಹತ್ತಿರ ಉಳಿದಿದ್ದ ಒಂದೇ ಒಂದು ನಿಜವನ್ನೂ ಕಿತ್ತುಕೊಂಡೆ. ನೀನು ತಲೆ ತಗ್ಗಿಸಿ, “ಹೌದೇನೋ,” ಅಂದೆ. ಮತ್ತೆಂದೂ ಕೇಳಲಿಲ್ಲ.

ಆಮೇಲೆ ನೀನು ಎದ್ದದ್ದು ನಿನ್ನ ಸ್ವಂತ ಬಲದಿಂದ. ಮೊದಲು ಕಟ್ಟೆಯ ತನಕ, ಮತ್ತೆ ಬೀದಿಯ ತಿರುವಿನ ತನಕ. ಬೆರಳು ಬಿಚ್ಚಿ ಪೆನ್ನು ಹಿಡಿದ ದಿನ ಕಾಗದದ ಮೇಲೆ ‘ಪಾರ್ವತಿ’ ಅಂತ ಬರೆದು ಗಂಟೆಗಟ್ಟಲೆ ಅತ್ತೆ. ಮರುದಿನ ಮತ್ತೆ ಬರೆದೆ. ಎರಡು ವರ್ಷ ತಡವಾಗಿ ಎಸ್ಸೆಸ್ಸೆಲ್ಸಿ ಪಾಸಾದೆ. ಊರವರೆಲ್ಲ, ‘ಗೆಳತಿ ಅಂದ್ರ ಮಂಜುಳಾನಂಗ ಇರಬೇಕು’ ಎಂದು ನನ್ನನ್ನು ಹೊಗಳಿದರು. ನಾನು ಆ ಹೊಗಳಿಕೆಯನ್ನೂ ತಿಂದು ತೇಗಿದೆ. ನಾಚಿಕೆಯಾಗುತ್ತದೆ. ಆವತ್ತು ನಿಂತುಹೋಗಿ ಆಮೇಲೆ ತೆಗೆಸಿದ ಆ ಗ್ರೂಪ್ ಫೋಟೋ ಈಗಲೂ ನನ್ನ ಟ್ರಂಕಿನ ತಳದಲ್ಲಿದೆ. ಮುಂದಿನ ಸಾಲಿನಲ್ಲಿ ನಾನು, ಬೆಳ್ಳಗೆ. ನೀನು ಅದರಲ್ಲಿ ಇಲ್ಲ.

ನೀನು ಮೆಟ್ರಿಗೆ ಮದುವೆಯಾಗಿ ಹೋದೆ. ಗದ್ದೆಯ ಊರು, ಧೂಳಿಲ್ಲ, ಚೆನ್ನಾಗಿದ್ದೀಯ — ಅಂದುಕೊಂಡು ನಾನು ನೆಮ್ಮದಿಯಾಗಿದ್ದೆ. ಹೋದ ತಿಂಗಳು ಹೊಸಪೇಟೆ ಬಸ್ ಸ್ಟ್ಯಾಂಡಿನ ಮುಂದೆ ಸಿಕ್ಕಾಗ ನಿನ್ನ ಮಗಳು ಜೊತೆಯಲ್ಲಿದ್ದಳು. ರಸ್ತೆ ದಾಟುವಾಗ ಅವಳು ನಿನ್ನ ಕೈಗೆ ಕೈ ಚಾಚಿದಳು. ನೀನು ಹಿಡಿಯಲಿಲ್ಲ. ಅವಳ ಕೈಯನ್ನು ನನ್ನ ಕೈಗೆ ಕೊಟ್ಟು, ಏನೂ ಅಲ್ಲ ಅನ್ನುವ ಹಾಗೆ ಹೇಳಿದೆ: “ನೀ ಹಿಡ್ಕೊ ಮಂಜಿ. ನನ್ನ ಕೈ ಚಲೋ ಅಲ್ಲ.”

ನಾನು ಹಿಡಿದುಕೊಂಡೆ. ದಾಟಿಸಿದೆ. ಆಗಲೂ ಬಾಯಿ ಬಿಡಲಿಲ್ಲ.

ಭಾನುವಾರ ಮೆಟ್ರಿಗೆ ಬರುತ್ತೇನೆ. ಇದನ್ನು ಅಂಚೆಗೆ ಹಾಕುವುದಿಲ್ಲ; ನಿನ್ನೆದುರು ಕೂತು, ನಿನ್ನ ಮುಖ ನೋಡುತ್ತಾ ಓದುತ್ತೇನೆ. ಬರೆದುಕೊಂಡದ್ದು ಮಾತನ್ನು ನಾನು ಮತ್ತೆ ನುಂಗಬಾರದು ಅಂತ, ಅಷ್ಟೇ. ಆಮೇಲೆ ನಿಮ್ಮವ್ವನಿಗೆ, ದೊಡ್ಡಪ್ಪನಿಗೆ ನಾನೇ ಹೇಳುತ್ತೇನೆ. ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೋ, ಮತ್ತೆ ಮುಖ ನೋಡಬೇಡ — ನಿನ್ನಿಷ್ಟ.

ಆದರೆ ಮಗಳ ಕೈ ಹಿಡಿ, ಹುಲಿಗೆಮ್ಮ. ನಿನ್ನ ಕೈ ಯಾವತ್ತೂ ಚೆನ್ನಾಗಿಯೇ ಇತ್ತು.