ಎರಡೇ ಕಾಲಿನ ಶಾವಿಗೆ ಮಣೆ

ಹಲಸಿನ ಹಲಗೆಗೆ ಕೀಸುಳಿ ಹಾಕಿದಾಗ ಏಳುವ ವಾಸನೆ ನಿಮಗೂ ಗೊತ್ತಿರಬಹುದು. ಹಣ್ಣಿನ ಘಾಟಲ್ಲ, ಅದಕ್ಕಿಂತ ತೆಳು, ತುಸು ಸಿಹಿ. ಪೀಠೋಪಕರಣ ವಿನ್ಯಾಸ ಕಲಿಯಲು ಕಾಲೇಜು ಸೇರಿದ ಹೊಸತರಲ್ಲಿ, ವರ್ಕ್‌ಶಾಪಿನಲ್ಲಿ ಹಳದಿ ಹೊಟ್ಟು ಸುರುಳಿ ಸುರುಳಿಯಾಗಿ ನನ್ನ ಕಾಲ ಮೇಲೆ ಬಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ನಾನು ಸೀದಾ ಶಿರಾಳಕೊಪ್ಪದ ನಮ್ಮ ಹಳೆಯ ಮನೆಯ ಪಡಸಾಲೆಗೆ ಹೋಗಿಬಿಟ್ಟೆ. ಬೇಸಿಗೆ ಬಂತೆಂದರೆ ಅಜ್ಜಿ ತನ್ನ ಶಾವಿಗೆ ಮಣೆಯನ್ನು ಅಟ್ಟದಿಂದ ಇಳಿಸಿ, ತೊಳೆದು, ಬಿಸಿಲಿಗಿಡುತ್ತಿದ್ದಳು. ಒದ್ದೆ ಮಣೆ ಒಣಗುವಾಗ ಇದೇ ವಾಸನೆ ಮನೆಯಿಡೀ ತುಂಬುತ್ತಿತ್ತು.

ಉದ್ದನೆಯ ಹಲಗೆ, ಅದರ ಮೈಮೇಲೆ ಸಣ್ಣ ಸಣ್ಣ ಗೀರು. ಕೆಳತುದಿಗೆ ಎರಡು ಕುಳ್ಳ ಕಾಲು, ಮೇಲುತುದಿಗೆ ಕಾಲೇ ಇಲ್ಲ. ಆ ತುದಿಯನ್ನು ಪಡಸಾಲೆಯ ಕಟ್ಟೆಗೆ ಒರಗಿಸಿ, ಕುದುರೆ ಹತ್ತಿದವಳ ಹಾಗೆ ಎರಡೂ ಕಡೆ ಕಾಲು ಇಳಿಬಿಟ್ಟು ಅಜ್ಜಿ ಕೂರುತ್ತಿದ್ದಳು. ನಾದಿದ ಗೋಧಿ ಹಿಟ್ಟನ್ನು ಗೀರುಗಳ ಮೇಲೆ ಹೊಸೆಯುತ್ತ ಹೋದರೆ ಎಳೆ ಸಪೂರವಾಗಿ ಕೆಳಗಿಳಿಯುತ್ತಿತ್ತು. ಕೆಳಗೆ ಕೂತು ಅದನ್ನು ಕೋಲಿಗೆ ಹಿಡಿಯುವವಳು ಅಮ್ಮ. ಅಮ್ಮನ ತವರು ಸೊರಬದ ಕಡೆಯ ಹೊಸಬಾಳೆ. ಅಲ್ಲಿ ಶಾವಿಗೆಯನ್ನು ತೂತಿನ ಒರಳಿನಲ್ಲಿ ಒತ್ತುತ್ತಾರೆ, ಹೊಸೆಯುವುದಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಅಮ್ಮ ಈ ಮಣೆಯನ್ನು ಕಾಲು ಮುರಿದ ಬೆಂಚು ಎಂದುಕೊಂಡು, ಮೇಲುತುದಿಗೆ ಇಟ್ಟಿಗೆ ಕೊಟ್ಟು ಮಟ್ಟಸ ಮಾಡಿ, ಅದರ ಮೇಲೆ ನೀರಿನ ಕೊಡ ಸಾಲಾಗಿ ಜೋಡಿಸಿದ್ದಳಂತೆ. ಬಂದವರಿಗೆಲ್ಲ ಅಜ್ಜಿ, “ನಮ್ಮ ಸೊರಬದ ಸೊಸಿ ಶಾವಿಗಿ ಮಣಿಗೆ ಕಾಲು ಕಟ್ಯಾಳ ನೋಡ್ರೀ” ಎಂದು ಹೇಳಿ ನಗುತ್ತಿದ್ದಳು. ಕೆಳಗೆ ಕೂತ ಅಮ್ಮನಿಗೆ ತಾಳ್ಮೆಯಿರುತ್ತಿರಲಿಲ್ಲ, ಎಳೆಯನ್ನು ಜಗ್ಗಿ ಹರಿಯುತ್ತಿದ್ದಳು. “ಎಳೀಬ್ಯಾಡವ್ವಾ, ತಾನ ಬರ್ತದ” ಎಂದು ಮೇಲಿನಿಂದ ಅಜ್ಜಿಯ ದನಿ.

ಪ್ರತಿ ಬೇಸಿಗೆಯೂ ಅಮ್ಮ ಕೇಳುತ್ತಿದ್ದಳು, “ಅತ್ತೆ, ಈ ಸಲ ನಾನು ಮೇಲೆ ಕೂರ್ಲಾ?” ಅಜ್ಜಿಯದು ಪ್ರತಿ ಬೇಸಿಗೆಯೂ ಒಂದೇ ಉತ್ತರ, “ಬರೋ ಬ್ಯಾಸಗಿಗೆ ಕೂಡ್ರುವಂತಿ ತಡಿ.” ಹಾಗೆನ್ನುತ್ತಲೇ ಅಜ್ಜಿ ಹೋಗಿಬಿಟ್ಟಳು. ಆಮೇಲೆ ರಸ್ತೆ ಅಗಲವಾಯಿತು, ಕಟ್ಟೆಯೂ ಪಡಸಾಲೆಯೂ ಅದರಡಿ ಸೇರಿದವು. ನಾವು ಶಿಕಾರಿಪುರಕ್ಕೆ ಬಂದೆವು, ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಮಣೆ ಎಲ್ಲಿ ಹೋಯಿತೋ ಯಾರಿಗೂ ತಿಳಿಯಲಿಲ್ಲ. ಕಳೆದುಹೋದ ಬೇರೆ ಯಾವುದಕ್ಕೂ ಅಮ್ಮ ಹಲುಬಿದವಳಲ್ಲ. ಶಾವಿಗೆ ಪಾಯಸ ಮಾಡಿದ ದಿನ ಮಾತ್ರ, “ಒಂದ್ಸಲನಾದ್ರೂ ಅದ್ರ ಮೇಲೆ ಕೂರ್ಬೇಕಿತ್ತು ಕಣೇ” ಎನ್ನುತ್ತಿದ್ದಳು.

ಹಾಗಾಗಿ ಮನೆಯ ಒಂದು ವಸ್ತುವನ್ನು ನೆನಪಿನಿಂದಲೇ ಮಾಡಿ ಎಂದು ಮೇಷ್ಟ್ರು ಹೇಳಿದಾಗ ನಾನು ಯೋಚಿಸಲೇ ಇಲ್ಲ. ನನ್ನ ನಕ್ಷೆ ನೋಡಿ ಕ್ಲಾಸೆಲ್ಲ ನಕ್ಕಿತು. “ಇನ್ನೆರಡು ಕಾಲು ಎಲ್ಲಮ್ಮಾ?” ಎಂದರು ಮೇಷ್ಟ್ರು. ಅದು ಕಟ್ಟೆಗೆ ಒರಗುತ್ತದೆ ಸಾರ್ ಎಂದೆ. “ಹಾಗಾದ್ರೆ ಕಟ್ಟೆ ಎಷ್ಟೆತ್ತರ ಇತ್ತು ಅಂತ ತಿಳ್ಕೊಂಡು ಬಾ. ಇಲ್ದಿದ್ರೆ ಇಳಿಜಾರು ಹೇಗೆ ಲೆಕ್ಕ ಹಾಕ್ತೀಯ?” ನ್ಯಾಯವಾದ ಮಾತು. ಆದರೆ ಇಲ್ಲದ ಕಟ್ಟೆಯನ್ನು ಅಳೆಯುವುದು ಹೇಗೆ? ಅಮ್ಮನಿಗೆ ಫೋನ್ ಮಾಡಿದೆ. ಕಟ್ಟೆಯ ಅಳತೆ ಅಮ್ಮನಿಗೂ ಗೊತ್ತಿರಲಿಲ್ಲ. “ಮೇಲೆ ಕೂತ್ರೆ ಅತ್ತೆಯ ಕಾಲಿನ ಹೆಬ್ಬೆರಳು ಮಾತ್ರ ನೆಲಕ್ಕೆ ತಾಗ್ತಿತ್ತು. ನೀನೂ ಅವರಷ್ಟೇ ಕುಳ್ಳಿ ಅಲ್ವಾ ಮಾರಾಯ್ತಿ, ನಿನ್ನ ಕಾಲೇ ಅಳತೆ ಇಟ್ಕೋ.” ವರ್ಕ್‌ಶಾಪಿನ ಮೇಜು, ಸ್ಟೂಲುಗಳಿಗೆಲ್ಲ ಹಲಗೆ ಒರಗಿಸಿ, ಹತ್ತಿ ಕೂತು, ಹೆಬ್ಬೆರಳು ಚಾಚಿ ಚಾಚಿ ನೋಡಿದೆ. ಗೆಳತಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ.

ರಜೆಗೆ ಮಣೆ ಹೊತ್ತು ಊರಿಗೆ ಬಂದೆ. ಶಿಕಾರಿಪುರದ ಮನೆಗೆ ಕಟ್ಟೆಯಿಲ್ಲ. ಅಂಗಳದ ಮೆಟ್ಟಿಲುಗಳಲ್ಲಿ ಒಂದು ಸರಿಹೊಂದಿತು. ಅಮ್ಮ ಬೆಳಿಗ್ಗೆಯೇ ಹಿಟ್ಟು ನಾದಿಟ್ಟಿದ್ದಳು. ಸೆರಗು ಸಿಕ್ಕಿಸಿ, ಮದುವಣಗಿತ್ತಿಯ ಹಾಗೆ ನಾಚಿಕೊಂಡು, ಕೊನೆಗೂ ಮೇಲೆ ಕೂತಳು. ಎರಡು ಎಳೆ ಹೊಸೆದಳು, ಚೆನ್ನಾಗಿಯೇ ಬಂದವು. ನಾನು ಚಪ್ಪಾಳೆ ತಟ್ಟಿದೆ. ಅಮ್ಮ ಮಾತ್ರ ಅತ್ತಿತ್ತ ನೋಡಿ, ಇಳಿದುಬಿಟ್ಟಳು.

“ಏನಾಯ್ತಮ್ಮಾ, ಇಳಿಜಾರು ಸರಿಯಿಲ್ವಾ?”

“ಎಲ್ಲಾ ಸರಿ ಇದೆ. ಮೇಲೆ ಕೂತ್ರೆ ಅತ್ತೆ ಕಾಣಲ್ಲ ಕಣೇ. ನೀನು ಹತ್ತು.”

ನಾನು ಹತ್ತಿದೆ. ನನ್ನ ಹೆಬ್ಬೆರಳು ನೆಲಕ್ಕೆ ತಾಗಿತು. ಅಮ್ಮ ಕೋಲು ಹಿಡಿದು ತನ್ನ ಹಳೆಯ ಜಾಗದಲ್ಲಿ ಕೂತು ಅದನ್ನೇ ನೋಡುತ್ತಿದ್ದಳು. ಹಿಟ್ಟು ಇನ್ನೂ ಗೀರು ದಾಟಿರಲಿಲ್ಲ, ಅಷ್ಟರಲ್ಲೇ ಅವಳ ಕೈ ಎಳೆಯನ್ನು ಜಗ್ಗಿತು.

“ಎಳೀಬ್ಯಾಡವ್ವಾ, ತಾನ ಬರ್ತದ” ಎಂದೆ. ನಾನು ಹಾಗೆ ಮಾತಾಡುವವಳೇ ಅಲ್ಲ.

ಅಮ್ಮ ತಲೆ ಎತ್ತಿ ಕಣ್ಣು ತುಂಬ ನಕ್ಕಳು. “ಎಳೆಯೋದಿಲ್ಲ ಬಿಡಿ ಅತ್ತೆ” ಎಂದು ಕೋಲು ಮುಂದೆ ಹಿಡಿದಳು.