ಕೇಳಿಸಲಿಲ್ಲ ಎಂದ ಸಾಕ್ಷಿ

ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಬನಹಟ್ಟಿಯಲ್ಲಿ ಕಂಡವರ ಮಗ್ಗದಲ್ಲಿ ಕೂಲಿ ಮಾಡಿ, ಮುಂದೆ ಸ್ವಂತ ಶೆಡ್ಡು ಕಟ್ಟಿ ನಾಲ್ಕು ಪವರ್‌ಲೂಮ್ ಹಾಕಿಕೊಂಡೆ. ಯಾರ ಮುಂದೆಯೂ ಕೈ ಚಾಚಿಲ್ಲ, ಒಂದು ಸುಳ್ಳು ಹೇಳಿಲ್ಲ ಎಂದು ಎದೆ ಸೆಟೆಸಿ ತಿರುಗುತ್ತಿದ್ದೆ. ಆ ಸೆಟೆತ ಇಳಿದದ್ದು ಊರಿನ ಕೋರ್ಟಿನಲ್ಲಿ, ಹತ್ತು ನಿಮಿಷದೊಳಗೆ.

ನಮ್ಮ ಶೆಡ್ಡಿನ ಕಿಟಕಿಯ ಎದುರಿಗೇ ಬಾಜೂ ಮನೆಯ ಹಿತ್ತಲ ಬಾಗಿಲು. ಆ ಮನೆಯ ಗಂಡ ನನ್ನ ಸಣ್ಣಂದಿನ ಗೆಳೆಯ. ಅವನ ಹೆಂಡತಿ ಲಾಳಿಯೊಳಗೆ ಕೂರುವ ನೂಲಿನ ಕಂಡಿಕೆ ಸುತ್ತಿ ನಮಗೆ ಕೊಡುತ್ತಿದ್ದಳು. ನನ್ನನ್ನು ಅಣ್ಣಾ ಎನ್ನುತ್ತಿದ್ದಳು, ಪಂಚಮಿಗೆ ಉಂಡಿ ಕಳಿಸುತ್ತಿದ್ದಳು.

ಒಂದು ಮಧ್ಯಾಹ್ನ ನಾಲ್ಕೂ ಮಗ್ಗ ನಡೆದಿದ್ದವು. ಕಣ್ಣೆತ್ತಿದರೆ ಎದುರಿನ ಬಾಗಿಲಲ್ಲಿ ಆಕೆ. ಗಂಡ ಕೂದಲು ಹಿಡಿದು ಒಳಗೆ ಎಳೆಯುತ್ತಿದ್ದ, ಇನ್ನೊಂದು ಕೈಯಲ್ಲಿ ಕಟ್ಟಿಗೆ. ಆಕೆ ಬಾಗಿಲ ಚೌಕಟ್ಟು ಬಿಗಿಯಾಗಿ ಹಿಡಿದು ನನ್ನ ಕಡೆ ನೋಡಿದಳು. ತುಟಿ ಅಲುಗಿದವು. ನಾನು ಎಳೆ ಹರಿದಿದೆ ಎಂಬಂತೆ ಮಗ್ಗದ ಮೇಲೆ ಬಗ್ಗಿದೆ. ಒಂದು ಎಳೆಯೂ ಹರಿದಿರಲಿಲ್ಲ. ತಲೆಯೆತ್ತಿದಾಗ ಬಾಗಿಲು ಮುಚ್ಚಿತ್ತು.

ಕೈ ಮುರಿದಿದೆ ಎಂದು ಸಂಜೆ ಓಣಿಯವರು ಹೇಳಿದರು. ಆಕೆ ಮಗಳನ್ನು ಕರೆದುಕೊಂಡು ಬೀಳಗಿಯ ತವರಿಗೆ ಹೋದಳು. ಆಮೇಲೆ ಜಮಖಂಡಿಯ ಒಬ್ಬ ವಕೀಲ ಹೆಣ್ಣುಮಗಳು ಆಕೆಯ ಪರವಾಗಿ ಕೇಸು ಹಾಕಿದಳು. ಮಗಳೊಂದಿಗೆ ಅದೇ ಮನೆಯಲ್ಲಿ ಹೊಡೆತ ತಿನ್ನದೆ ಇರಬೇಕು, ಆಕೆ ಕೇಳಿದ್ದು ಅಷ್ಟೇ. ಮೆಟ್ಟಿಲಿನಿಂದ ಜಾರಿ ಬಿದ್ದಳು ಎಂದ ಗಂಡ, ನನ್ನನ್ನು ಸಾಕ್ಷಿಗೆ ಕರೆಯಲು ಬಂದ.

"ನೀ ಸುಳ್ಳ ಹೇಳೂದ ಬ್ಯಾಡಲೇ. ಮಗ್ಗ ನಡದಿದ್ವು, ಏನೂ ಕೇಳಿಲ್ಲ ಅನ್ನು. ಅಷ್ಟ ಸಾಕು."

ಖರೆ ಮಾತೇ ಅದು. ಆ ಸದ್ದಿನಲ್ಲಿ ಏನೂ ಕೇಳಿಸಿರಲಿಲ್ಲ. ಗೆಳೆತನವೂ ಉಳಿಯಿತು, ಮರ್ಯಾದೆಯೂ ಉಳಿಯಿತು ಎಂದುಕೊಂಡು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಟಕಟೆ ಹತ್ತಿದೆ. ಕೇಳಿಸಲಿಲ್ಲ ಎಂದೆ. ಆಮೇಲೆ ಆ ವಕೀಲ ಹೆಣ್ಣುಮಗಳು ಪಾಟೀಸವಾಲಿಗೆ ಎದ್ದಳು.

"ಯಜಮಾನ್ರ, ಮಗ್ಗದಾಗ ಎಷ್ಟ ವರ್ಷ ಆತ್ರಿ?"

"ಮೂವತ್ತ ದಾಟ್ಯಾವ್ರಿ."

"ನಾಲ್ಕೂ ಮಗ್ಗ ನಡದಾಗ ಆ ಮೂಲ್ಯಾಗಿನ ಕೂಲಿಯವರ ಕೂಡ ಹೆಂಗ ಮಾತಾಡ್ತೀರಿ? ಒದರತೀರೇನು?"

"ಒದರೂದ ಯಾಕ್ರಿ? ತುಟಿ ನೋಡಿದ್ರ ಎಲ್ಲಾ ತಿಳೀತೈತ್ರಿ ನಮಗ."

ಗಂಡನ ವಕೀಲರು ತಟ್ಟನೆ ಎದ್ದು ಇದಕ್ಕೂ ಕೇಸಿಗೂ ಏನು ಸಂಬಂಧ ಎಂದರು. ನ್ಯಾಯಾಧೀಶರೂ ಹೆಣ್ಣುಮಗಳೇ, ಬೇರೆ ಸೀಮೆಯವರು. "ಕೇಳಲಿ, ಕೂತ್ಕೊಳ್ಳಿ" ಎಂದರು.

ವಕೀಲೆ ಹಿಂದಿನ ಗೋಡೆಯತನಕ ನಡೆದು ಹೋಗಿ, ನನ್ನ ಕಡೆ ತಿರುಗಿ, ದನಿಯಿಲ್ಲದೆ ತುಟಿ ಅಲುಗಿಸಿದಳು. ಹೆಮ್ಮೆ ನನ್ನ ಬಾಯಿ ತೆರೆಸಿತು. "ನಾಷ್ಟಾಕ್ಕ ಏನ ತಿಂದ್ರಿ ಅಂದ್ರಿ. ಉಪ್ಪಿಟ್ಟು ತಿಂದೇನ್ರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಆ ನಗು ಇವತ್ತಿಗೂ ನನ್ನ ಬೆನ್ನು ಬಿಟ್ಟಿಲ್ಲ.

"ಹಂಗಾದ್ರ ಅವತ್ತ ಈಕಿ ತುಟಿ ಏನಂದ್ವು, ಹೇಳ್ರಿ."

ಆಕೆ ಬೆಂಚಿನ ಮೇಲೆ ಕೂತಿದ್ದಳು. ಪ್ಲಾಸ್ಟರ್ ಬಿಚ್ಚಿದ್ದರೂ ಕೈ ಸೊಟ್ಟಗೇ ಇತ್ತು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"'ಅಣ್ಣಾ, ಬಾರೋ, ಬಿಡಸೋ ನನ್ನ' ಅಂದ್ಳ್ರಿ."

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿದರು. "ನೀವು ಹೋದ್ರಾ?"

ಆ ಪ್ರಶ್ನೆಯನ್ನು ಅದುವರೆಗೆ ಯಾರೂ ನನಗೆ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

"ಇಲ್ರಿ."

"ಯಾಕೆ?"

"ಗಂಡ ಹೆಂಡರ ಜಗಳ ಉಂಡ ಮಲಗೂತನಕ ಅಂತಾರಲ್ರಿ..."

"ಅವತ್ತು ಆಕೆ ಉಂಡು ಮಲಗಿದ್ಲಾ?"

ನಾನು ಹೇಳಿದ್ದನ್ನು ನನಗೇ ಓದಿ ಹೇಳಿದರು. ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದೆ. ಹೊರಗೆ ಗೆಳೆಯ ನನಗಾಗಿ ಕಾಯುತ್ತಿದ್ದ. "ಮಂಗ್ಯಾ, ಉಪ್ಪಿಟ್ಟ ಹೇಳಾಕ ಹೋಗಿ ನನ್ನ ಮನಿ ಕಳದೆಲ್ಲಲೇ!" ಎಂದವನು ಆಮೇಲೆ ನನ್ನೊಡನೆ ಮಾತಾಡಿಲ್ಲ.

ಕೆಲವು ತಿಂಗಳಿಗೆ ಆದೇಶವಾಯಿತು. ಆಕೆ ಆ ಮನೆಯಲ್ಲಿ ಇರಬಹುದು, ಗಂಡ ಹೊಸ್ತಿಲು ತುಳಿಯುವಂತಿಲ್ಲ. ಆಕೆಯನ್ನೂ ಮಗಳನ್ನೂ ಮನೆಗೆ ಬಿಡಲು ವಕೀಲೆಯೇ ಬಂದಿದ್ದಳು. "ನಿಮ್ಮ ಮಾತ ಉಪಯೋಗ ಆತ್ರಿ, ಯಜಮಾನ್ರ" ಎಂದಳು. ವಕೀಲೆಯ ಮುಖದಲ್ಲಿ ಮೆಚ್ಚುಗೆ ಇತ್ತೇ ಎಂದು ಬಹಳ ಹೊತ್ತು ಹುಡುಕಿದೆ.

ಈಗ ನನಗೆ ತುಟಿಗಳ ಭಯ. ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ, ಬಸ್ಸಿನ ಗಾಜಿನಾಚೆ ಯಾವುದೋ ಹೆಣ್ಣುಮಗಳು ಏನೋ ಅಂದರೆ ಸಾಕು, ಕಾಲು ನಿಂತುಬಿಡುತ್ತವೆ. ಬಹುಶಃ ಚಿಲ್ಲರೆ ಕೇಳುತ್ತಿರುತ್ತಾಳೆ. ಆದರೂ ಬಸ್ಸು ಹೋಗುವತನಕ ನೋಡುತ್ತೇನೆ.

ಮೊನ್ನೆ ಕರೆಂಟ್ ಹೋಗಿತ್ತು. ಮಗ್ಗಗಳು ನಿಂತು, ನಾನು ಕಟ್ಟೆಯ ಮೇಲೆ ಕೂತಿದ್ದೆ. ಬಾಜೂ ಮನೆಯಲ್ಲಿ ಗ್ಯಾಸಿನ ಪೈಪಿಗೆ ಬೆಂಕಿ ಹತ್ತಿತು. ಆಕೆ ಮಗಳ ಕೈ ಹಿಡಿದು ಹೊರಗೆ ಓಡಿ ಬಂದಳು. ನಾನು ಎದ್ದು ನಿಂತೆ. ಆಕೆ ನನ್ನನ್ನು ನೋಡಿದಳು. ನೋಡಿ, ನನ್ನ ಕಟ್ಟೆ ದಾಟಿ, ನಾಲ್ಕನೇ ಮನೆಯ ಮುಂದೆ ನಿಂತು, "ಯಾರರೆ ಬರ್ರೀ!" ಎಂದು ಒದರಿದಳು. ಓಣಿಗೆಲ್ಲ ಕೇಳಿಸಿತು.

ನಾನು ಗೋಣಿಚೀಲ ನೀರಲ್ಲಿ ಅದ್ದಿ ಹೊತ್ತುಕೊಂಡು ಹೋಗುವಷ್ಟರಲ್ಲಿ ಬೇರೆಯವರು ಬೆಂಕಿ ಆರಿಸಿದ್ದರು. ನೀರು ಸೋರುವ ಚೀಲ ಹಿಡಿದುಕೊಂಡು ಹಿತ್ತಲಲ್ಲಿ ನಿಂತೆ. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ.