ಹೂವಿನ ದಾರದ ಜನಿವಾರ

ನೂಲು ಹುಣ್ಣಿಮೆಯ ಬೆಳಿಗ್ಗೆ ರೋಣದಿಂದ ಗಜೇಂದ್ರಗಡಕ್ಕೆ ಹೊರಟಿದ್ದ ನಮ್ಮ ಬಸ್ಸು ಅಬ್ಬಿಗೇರಿ ದಾಟಿ ಕೆಟ್ಟು ನಿಂತಿತು. ಪಕ್ಕದ ಸೀಟಿನಲ್ಲಿ ನನ್ನಂತೆಯೇ ಅರವತ್ತು ದಾಟಿದ ಗಂಡ ಹೆಂಡತಿ ಇದ್ದರು. ಹೊಸ ಜನಿವಾರ ಹಾಕಿಕೊಳ್ಳಲು ಮಠಕ್ಕೆ ಹೊರಟವರು. ಕೆಳಗಿಳಿಯುವಾಗ, ಬರೀ ಶಲ್ಯ ಹೊದ್ದಿದ್ದ ಗಂಡನ ಹಳೆಯ ಜನಿವಾರ ಚೀಲದ ಕೊಂಡಿಗೆ ಸಿಕ್ಕಿ ಹರಿಯಿತು. ಅಲ್ಲಿಗೆ ಅವರ ಬಾಯಿ ಬಂದ್.

"ಹರದ್ರ, ಹೊಸಾದು ಹಾಕ್ಕೊಳ್ಳೂತನಕ ಮಾತಿಲ್ಲ, ನೀರಿಲ್ಲರೀ," ಎಂದರು ಹೆಂಡತಿ. "ಮುಂಜಾನೆ ಸಕ್ಕರಿ ಬ್ಯಾನಿ ಇಂಜೆಕ್ಷನ್ ಬ್ಯಾರೆ ತೊಗೊಂಡಾರ, ಹೊಟ್ಟಿಗೇನೂ ಬಿದ್ದಿಲ್ಲ."

ಆಕೆ ಬಿಸ್ಕತ್ತು ಹಿಡಿದರೆ ಅವರು ಮುಖ ತಿರುಗಿಸಿದರು. ಕೈ ನಡುಗುತ್ತಿತ್ತು, ಹಣೆಯೆಲ್ಲ ಬೆವರು.

ನನ್ನ ತವರು ಮೈಸೂರು ಕಡೆ. ಅಲ್ಲಿ ಅಮ್ಮ ತಕಲಿಯಲ್ಲಿ ಜನಿವಾರದ ನೂಲು ತೆಗೆಯುತ್ತಿದ್ದಳು. ನಾನೂ ಕಲಿತಿದ್ದೆ. ಚೀಲದಲ್ಲಿದ್ದ ಹೂ ಕಟ್ಟುವ ದಾರವನ್ನು ಮೂರೆಳೆ ಮಾಡಿ ಹೊಸೆದು, ಗಂಟು ಹಾಕಿ ಅವರ ಮುಂದೆ ಹಿಡಿದೆ.

"ಹೆಣ್ಮಕ್ಕಳು ಗಂಟು ಹಾಕಿದ್ದು ಹ್ಯಾಂಗ ನಡೀತದ್ರೀ? ಅದೂ ಹೂವಿನ ದಾರ!" ಎಂದು ಅವರು ನನ್ನನ್ನು ಗದರಿದರು.

"ಅಜ್ಜಾರ, ಮಾತಾಡಿಬಿಟ್ರಲ್ರೀ!" ಎಂದು ಕಂಡಕ್ಟರ್ ನಕ್ಕ.

"ಮೌನ ಅಂತೂ ಮುರೀತು. ಇನ್ನ ಉಪವಾಸ ಯಾಕ? ತಿನ್ರಿ. ಉಳಿದದ್ದು ಮಠದಾಗ ಆಚಾರ್ರನ್ನ ಕೇಳೋಣ," ಎಂದರು ಹೆಂಡತಿ.

ಅವರು ಬಿಸ್ಕತ್ತಿಗೆ ಕೈ ಚಾಚಿ, ಇಡೀ ಪುಡಿಕೆ ಖಾಲಿ ಮಾಡಿದರು.

ಬಸ್ಸು ದುರಸ್ತಿಯಾಗಿ ಹೊರಟು, ಗಜೇಂದ್ರಗಡದಲ್ಲಿ ಇಳಿಯುವಾಗ ಆಕೆ ನಾನು ಹೊಸೆದ ದಾರ ಕೇಳಿ ಪಡೆದರು. "ಸಿಟ್ಟು ಬಂದ್ರ ದಿನಗಟ್ಟಲೆ ಮಾತು ಬಿಡ್ತಾರ್ರೀ. ಆವಾಗ ಇದನ್ನ ತೋರಸ್ತೀನಿ."

ನನ್ನ ಜನಿವಾರಕ್ಕೆ ಅಷ್ಟಾದರೂ ಮಂತ್ರಶಕ್ತಿ ಇದ್ದೀತು.